ಈಚೆ, ನೀ

ಯುದ್ಧಕ್ಕೆ ಹೋಗಿದ್ದ ಊರಿನವರ ಫೋಟೋಗಳ ಜೊತೆ ಅಜ್ಜನದನ್ನೂ ಊರ ಶಾಲೆಯ ಗೋಡೆಗೆ ಹಾಕುತ್ತಾರಂತೆ, ಆವತ್ತು ಅಜ್ಜನ ಬಗ್ಗೆ ನಾಲ್ಕು ಮಾತು ಹೇಳಲು ಅಕ್ಕನನ್ನು ಕರೆದಿದ್ದಾರಂತೆ ಎಂಬ ಸುದ್ದಿ ನನಗೆ ಅಕ್ಕನಿಂದಲೇ ಬಂತು. ಫೋನಿನಲ್ಲಿ ಅವಳ ಹಿಂದೆ ಕುಕ್ಕರ್ ಕೂಗುತ್ತಿತ್ತು.

"ನಂಗೆಂತ ಗೊತ್ತು ಮಾರಾಯ್ತಿ ಭಾಷಣ ಗೀಷಣ. ನಮ್ಮ ತಂಗಿ ಕಾಲೇಜಲ್ಲಿ ಪಾಠ ಮಾಡಿದೋಳು, ಅಜ್ಜನ ವಿಷಯಾನೇ ಹುಡುಕ್ತಾ ಕೂತಿದಾಳೆ, ಅವಳನ್ನ ಕರೀರಿ ಅಂದೆ. ಹೆಡ್‌ಮೇಡಂ ಕೇಳ್ಬೇಕಲ್ಲ. ಇಲ್ಲ ನೀವೇ ಹೇಳ್ಬೇಕು, ನೀವು ಹೇಳಿದ್ರೆ ಕಣ್ಣಿಗೆ ಕಟ್ಟಿದ ಹಂಗಿರುತ್ತೆ ಅಂತಾರೆ."

"ಒಳ್ಳೇದಾಯ್ತಲ್ಲ" ಎಂದೆ.

ಆ ದಿನದ ಡೈರಿಯಲ್ಲಿ ಹೀಗಿದೆ: ಅಕ್ಕನನ್ನು ಕರೆದಿದ್ದಾರೆ. ಸಂತೋಷ. ಆಮೇಲೆ ಯಾವಾಗಲೋ 'ಸಂತೋಷ'ದ ಮೇಲೆ ಗೀಟು ಎಳೆದಿದ್ದೇನೆ. ಅದರ ಜಾಗದಲ್ಲಿ ಬೇರೇನೂ ಬರೆದಿಲ್ಲ. ಬರೆಯಬೇಕಾದ ಪದ ಗೊತ್ತಿರಲಿಲ್ಲ ಎಂದಲ್ಲ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಆಲ್ದೂರಿನಲ್ಲಿದ್ದಾಳೆ. ಅವಳ ಮಗಳು, ಮೊಮ್ಮಗಳು ಅವಳ ಜೊತೆಗೇ ಇದ್ದಾರೆ. ನಾನು ಚಿಕ್ಕಮಗಳೂರಿನಲ್ಲಿ ಕಾಲೇಜು ಪಾಠ ಮುಗಿಸಿ ನಿವೃತ್ತಳಾದವಳು. ಅಜ್ಜ ಎಂದರೆ ನಮ್ಮಿಬ್ಬರ ಅಮ್ಮಂದಿರ ಅಪ್ಪ. ಅವರ ಮನೆ ಬಾಳೂರಿನಿಂದ ಇನ್ನೂ ಒಳಗೆ, ಜೀಪು ಏದುಸಿರು ಬಿಟ್ಟುಕೊಂಡು ಹತ್ತುವ ದಾರಿಯಲ್ಲಿ. ಈಗ ಅಲ್ಲಿ ಮಾವನ ಮಗ ತೋಟ ನೋಡಿಕೊಂಡಿದ್ದಾನೆ.

ಅಜ್ಜನ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಬಹಳ ಕಡಿಮೆ. ಹುಡುಗನಾಗಿದ್ದಾಗ ಯಾರದೋ ಎಸ್ಟೇಟಿನ ಲಾರಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟ್ರಿಗೆ ಡ್ರೈವರ್‌ಗಳು ಬೇಕಾಗಿದ್ದಾರೆ ಎಂದು ಕೇಳಿ ಹೋಗಿ ಸೇರಿದರು. ಹಡಗಿನಲ್ಲಿ ಸಿಂಗಾಪುರಕ್ಕೆ ಕಳಿಸಿದರು. ಅವರು ಇಳಿದ ಸ್ವಲ್ಪ ಕಾಲಕ್ಕೇ ಆ ಊರು ಜಪಾನಿನವರ ಕೈಗೆ ಹೋಯಿತು, ಅಜ್ಜ ಯುದ್ಧಕೈದಿಯಾದರು. ಯುದ್ಧ ಮುಗಿದ ಮೇಲೆ, ಮನೆಯವರು ಆಸೆ ಬಿಟ್ಟಾಗಿದ್ದ ಹೊತ್ತಿನಲ್ಲಿ, ಒಂದು ಅಲ್ಯೂಮಿನಿಯಂ ಡಬ್ಬಿ ಹಿಡಿದುಕೊಂಡು ನಡೆದು ಬಂದರು. ಮದುವೆಯಾದರು, ಸ್ವಲ್ಪ ಜಾಗ ಮಾಡಿ ಕಾಫಿ ಹಾಕಿದರು, ಮೂವರು ಮಕ್ಕಳಾದರು. ಮತ್ತೆ ಯಾವತ್ತೂ ಲಾರಿ ಮುಟ್ಟಲಿಲ್ಲ.

ಹಿಡಿದ ಮೇಲೆ ಅವರನ್ನು ಎಲ್ಲಿಟ್ಟರು, ಏನು ಮಾಡಿಸಿದರು, ಹೇಗೆ ಬದುಕಿದರು? ಇದನ್ನೇ ನಾನು ನಿವೃತ್ತಿಯಾದ ಮೇಲೆ ಹುಡುಕುತ್ತಾ ಬಂದಿರುವುದು. ದಿಲ್ಲಿಯ ಕಚೇರಿಗೆ ಬರೆದೆ, ಅಂಥವರ ಮಾಹಿತಿ ನಮ್ಮಲ್ಲಿ ಸಿಗುತ್ತಿಲ್ಲ ಎಂದರು. ಹೊರದೇಶದ ಕೈದಿಗಳು ಬರೆದುಕೊಂಡ ನೆನಪುಗಳನ್ನು ತರಿಸಿ ಓದಿದೆ. ಅಜ್ಜನ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಕಂಪ್ಯೂಟರಿಗೆ ಕೊಟ್ಟು ನೋಡಿದೆ. ಅದೇ ಹೆಸರಿನ ಬೇರೆಯವರು ಸಿಕ್ಕರು. ನಮ್ಮವರು ಸಿಗಲಿಲ್ಲ.

ಅಕ್ಕನಿಗೆ ಹುಡುಕುವ ಅಗತ್ಯವೇ ಬರಲಿಲ್ಲ. ಹೈಸ್ಕೂಲಿಗೆ ಅವಳು ಅಜ್ಜನ ಮನೆಯಲ್ಲಿದ್ದು ಓದಿದಳು. ಮೂರು ವರ್ಷ ಅಜ್ಜನ ಜೊತೆ ಒಂದೇ ಸೂರಿನಡಿ. ನಾನು ರಜೆಗೆ ಬಂದು ಹೋಗುವವಳು. ಆದ್ದರಿಂದ ಅಜ್ಜನ ಕಥೆಗಳೆಲ್ಲ ಅಕ್ಕನ ಬಾಯಿಂದಲೇ ಬರಬೇಕು. ಕಾಡುಕೆಸುವಿನ ಕಥೆ ಒಂದು. ಕ್ಯಾಂಪಿನಲ್ಲಿ ತಿನ್ನಲು ಏನೂ ಇಲ್ಲದಾಗ ಬೇಲಿಯಾಚೆ ನಮ್ಮೂರಿನಂಥದೇ ಕೆಸು ಬೆಳೆದಿತ್ತಂತೆ. ಬೇರೆಯವರು ಹಸಿಯಾಗಿ ತಿಂದು ಗಂಟಲು ಕೆರೆದುಕೊಳ್ಳುತ್ತಿದ್ದಾಗ ಅಜ್ಜ ಅದನ್ನು ಬೇಯಿಸಿ, ನೀರು ಬಸಿದು, ಯಾವುದೋ ಹುಳಿಕಾಯಿ ಹಾಕಿ ಮತ್ತೆ ಬೇಯಿಸಿ ಎಲ್ಲರಿಗೂ ಕೊಟ್ಟರಂತೆ. ಒಂದು ಸಲ ಹೇಳುವಾಗ ಈ ಕೆಸು ಬರ್ಮಾದಲ್ಲಿ ಬೆಳೆಯುತ್ತದೆ, ಇನ್ನೊಂದು ಸಲ ಸಿಂಗಾಪುರದಲ್ಲಿ. ಯಾವುದು ಸರಿ ಎಂದು ನಾನು ಕೇಳಿದರೆ, "ಕೆಸು ಎಲ್ಲಿ ಬೆಳೆದ್ರೆ ಎಂತ, ಕೆರೆತ ಒಂದೇ ಅಲ್ವಾ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನನ್ನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಅಲ್ಯೂಮಿನಿಯಂ ಡಬ್ಬಿಯೂ ಅವಳ ಹತ್ತಿರವೇ ಇದೆ. ಅದರ ತಳದಲ್ಲಿ ಏನೋ ಗೀಚಿದ ಗುರುತಿದೆಯೇ ನೋಡಬೇಕು ಎಂದು ಒಮ್ಮೆ ಕ್ಯಾಮೆರಾ ಹಿಡಿದುಕೊಂಡು ಆಲ್ದೂರಿಗೆ ಹೋಗಿದ್ದೆ. ಅಕ್ಕ ಅದರಲ್ಲಿ ಅಡುಗೆ ಸೋಡಾ ತುಂಬಿಟ್ಟಿದ್ದಳು. "ನಿಂಗೆ ಬೇಕಾದ್ರೆ ಒಯ್ಯಿ. ಸೋಡಾ ಬೇರೆ ಡಬ್ಬಿಗೆ ಸುರೀತೀನಿ" ಎಂದಳು. ಎರಡು ಮಾತಿಲ್ಲ. ಅವಳು ಕೊಡುವುದಿಲ್ಲ ಎಂದಿದ್ದರೆ ಜಗಳವಾಡಿ ತರುತ್ತಿದ್ದೆನೋ ಏನೋ. ಅಷ್ಟು ಸುಲಭವಾಗಿ ಕೊಟ್ಟದ್ದು ತೆಗೆದುಕೊಳ್ಳಲು ಕೈ ಬರಲಿಲ್ಲ. ತಳದಲ್ಲಿ ಪಾತ್ರೆ ತಿಕ್ಕಿದ ಗೀರುಗಳ ಹೊರತು ಏನೂ ಇರಲಿಲ್ಲ.

ಆದರೆ ಡಬ್ಬಿಗೆ, ಕಥೆಗೆ ಪಡುವ ಹೊಟ್ಟೆಕಿಚ್ಚು ದೊಡ್ಡವಳಾದ ಮೇಲಿನದು. ಮೂಲ ಬೇರೆ ಇದೆ, ಅದು ಕಾಫಿ ಕಣದ್ದು.

ಹಣ್ಣು ಕೊಯ್ಲಿನ ಕಾಲದ ರಜೆಯಲ್ಲಿ ನಾವು ಮೊಮ್ಮಕ್ಕಳೆಲ್ಲ ಅಜ್ಜನ ಮನೆಯಲ್ಲಿ ಸೇರುತ್ತಿದ್ದೆವು. ದೊಡ್ಡವರಿಗೆ ಕೆಲಸದ ಗಡಿಬಿಡಿ, ನಮ್ಮನ್ನು ನೋಡುವವರಿಲ್ಲ. ಇಡೀ ದಿನ ತೋಟದಲ್ಲಿ ಅಲೆಯುತ್ತಿದ್ದೆವು. ಸಂಜೆ ಕಣದಲ್ಲಿ ಒಣಗಿದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ ಅಜ್ಜ ಒಂದು ಶಿಳ್ಳೆ ಹೊಡೆಯುತ್ತಿದ್ದರು. ನಾವು ಎಲ್ಲಿದ್ದರೂ ಓಡಿ ಬಂದು ಕಣದ ಅಂಚಿಗೆ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಬೇಕು. ಮೊದಲು ಮಾವನ ಮಗ, ಆಮೇಲೆ ಅಕ್ಕ, ಆಮೇಲೆ ನಾನು, ಕೊನೆಗೆ ನನ್ನ ತಮ್ಮ. ಅಜ್ಜ ಆ ತುದಿಯಿಂದ ಈ ತುದಿಗೆ ಬರುತ್ತಾ ಒಬ್ಬೊಬ್ಬರ ತಲೆಯ ಮೇಲೆ ತಟ್ಟಿ ಒಂದೊಂದು ಮಾತು ಹೇಳುತ್ತಿದ್ದರು. ಬೇರೆ ಹೊತ್ತಿನಲ್ಲಿ ಮೆತ್ತಗೆ ಮಾತಾಡುವ ಅಜ್ಜ ಅದನ್ನು ಮಾತ್ರ ಗಟ್ಟಿಯಾಗಿ, ತುಂಡು ತುಂಡಾಗಿ ಹೇಳುವರು.

ಮಾವನ ಮಗನ ತಲೆ ತಟ್ಟಿ: "ಈಚೆ!"

ಅಕ್ಕನ ತಲೆ ತಟ್ಟಿ: "ನೀ!"

ನನ್ನ ತಲೆ ತಟ್ಟಿ: "ಸಾನ್!"

ತಮ್ಮನ ತಲೆ ತಟ್ಟಿ: "ಶೀ!"

ನಮಗೆ ಕೇಳಿಸುತ್ತಿದ್ದುದು ಹೀಗೆ. ಅರ್ಥವನ್ನೂ ನಾವೇ ಮಾಡಿಕೊಂಡಿದ್ದೆವು. ಸಾನ್ ಎಂದರೆ ಸಣ್ಣವಳು, ಅಜ್ಜ ಅವಸರದಲ್ಲಿ ಹಾಗೆ ಎನ್ನುತ್ತಾರೆ. ಶೀ ಎಂದರೆ ಶೀ, ತಮ್ಮ ಆಗ ಸದಾ ಮೂಗು ಸುರಿಸಿಕೊಂಡಿರುತ್ತಿದ್ದುದರಿಂದ ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೊದಲ ಎರಡು ಮಾತು ಸೇರಿದರೆ 'ಈಚೆ, ನೀ'. ಅಂದರೆ ಈಚೆ ಬಾ, ನೀನು. ಹೇಳಿ ಮುಗಿಯುವಾಗ ಅಜ್ಜನ ಕೈ ಇರುವುದು ಅಕ್ಕನ ತಲೆಯ ಮೇಲೆ. ಅವಳು ಸಾಲು ಬಿಟ್ಟು ಹೋಗಿ ಅಜ್ಜನ ಪಕ್ಕ ನಿಂತು ಅವರ ಪಂಚೆಯ ಅಂಚು ಹಿಡಿದುಕೊಳ್ಳುವಳು. ಉಳಿದವರ ತಲೆ ತಟ್ಟುವುದನ್ನು ಅಲ್ಲಿಂದ ನೋಡುವಳು, ತಾನೂ ತಟ್ಟುತ್ತಿರುವವಳ ಹಾಗೆ. ದಿನಾ ಸಂಜೆ ಇದೇ. ಅವಳು 'ನೀ', ನಾನು ಸಣ್ಣವಳು. ಅವಳು ಆಚೆ, ನಾನು ಸಾಲಿನಲ್ಲಿ.

ಮನೆಯಲ್ಲಿ ಇದೊಂದು ಹೇಳಿಕೆಯೇ ಆಗಿಹೋಯಿತು. ಊಟಕ್ಕೆ ಕರೆಯುವಾಗ, ಜೀಪು ಹತ್ತಿಸುವಾಗ, ಮದುವೆ ಮನೆಯಲ್ಲಿ ಫೋಟೋಕ್ಕೆ ನಿಲ್ಲಿಸುವಾಗ, ಯಾರಾದರೂ ಅಕ್ಕನಿಗೆ "ಈಚೆ ನೀ" ಎನ್ನದೆ ಬಿಡುತ್ತಿರಲಿಲ್ಲ. ಅವಳ ಮದುವೆಯ ಹೊತ್ತಿಗೆ ಅಜ್ಜ ಇರಲಿಲ್ಲ. ಧಾರೆಗೆ ಕೂರಿಸುವಾಗ ದೊಡ್ಡಮ್ಮ ಆ ಮಾತು ಹೇಳಿ ಅತ್ತರು, ಹೆಂಗಸರೆಲ್ಲ ಅತ್ತರು. ನನಗೂ ಅಳು ಬಂತು. ಅದು ಯಾತಕ್ಕೆ ಬಂತು ಎಂದು ನನಗೆ ಆಗಲೇ ಗೊತ್ತಿತ್ತು.

ಕೈದಿಗಳ ನೆನಪುಗಳಲ್ಲಿ ಹಾಜರಿ ಕರೆಯುವ ವಿಷಯ ಮತ್ತೆ ಮತ್ತೆ ಬರುತ್ತದೆ. ಬೆಳಿಗ್ಗೆ ಸಂಜೆ ಸಾಲಾಗಿ ನಿಲ್ಲಬೇಕು, ಪ್ರತಿಯೊಬ್ಬನೂ ತನ್ನ ಸಂಖ್ಯೆಯನ್ನು ಜಪಾನಿ ಭಾಷೆಯಲ್ಲಿ ಕೂಗಬೇಕು, ತಡವರಿಸಿದರೆ ಹೊಡೆತ, ಸಾಲು ತಪ್ಪಿದರೆ ಇನ್ನೂ ಹೊಡೆತ. ಇದನ್ನು ನಾನು ಓದಿದ್ದೇನೆ, ಅಡಿಗೆರೆ ಹಾಕಿದ್ದೇನೆ. ಒಂದು ಪುಸ್ತಕದಲ್ಲಿ ಆ ಸಂಖ್ಯೆಗಳೂ ಇದ್ದವು, ಇಂಗ್ಲಿಷ್ ಅಕ್ಷರಗಳಲ್ಲಿ. ಕಣ್ಣು ಅವನ್ನು ಓದಿ ಮುಂದೆ ಹೋಯಿತು. ಕಿವಿಗೆ ಯಾರೂ ಹೇಳಲಿಲ್ಲ. ಜೀವನವಿಡೀ 'ಈಚೆ ನೀ' ಎಂದು ಕನ್ನಡದಲ್ಲಿ ಕೇಳಿದವಳಿಗೆ ಅದು ಕನ್ನಡವಲ್ಲದೆ ಇನ್ನೇನಾದರೂ ಆಗಿರಬಹುದು ಎಂದು ತೋರಲೇ ಇಲ್ಲ.

ಗೊತ್ತಾದದ್ದು ಶಾಲೆಯ ಜಗಲಿಯಲ್ಲಿ, ಕಾರ್ಯಕ್ರಮದ ಹಿಂದಿನ ದಿನ.

ಅಜ್ಜನ ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸುವ ಕೆಲಸ ನನ್ನದಾಗಿತ್ತು. ಮಾತು ಅಕ್ಕನಿಗೆ, ಕಟ್ಟು ನನಗೆ. ಅದನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಾಳೂರಿಗೆ ಹೋದೆ. ಮಾವನ ಮಗ ಜೀಪಿನಲ್ಲಿ ಶಾಲೆಗೆ ಬಿಟ್ಟ. ಹೆಡ್‌ಮೇಡಂ ಮೊಳೆ ಹೊಡೆಸಲು ಯಾರನ್ನೋ ಹುಡುಕಿಕೊಂಡು ಹೋದರು. ನಾನು ಅಜ್ಜನನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಅಂಗಳದಲ್ಲಿ ಬಿಳಿ ಬಟ್ಟೆ ತೊಟ್ಟ ಮಕ್ಕಳು ಕಾಲಗಲಿಸಿ ಸಾಲಾಗಿ ನಿಂತಿದ್ದರು. ಕರಾಟೆಯ ಮಾಸ್ತರು ಒಂದು ಶಿಳ್ಳೆ ಹೊಡೆದರು.

ಮಕ್ಕಳು ಗಾಳಿಗೆ ಗುದ್ದುತ್ತಾ ಕೂಗಿದರು: "ಇಚಿ! ನೀ! ಸಾನ್! ಶಿ!"

ಮೊದಲು ನನಗೆ ಅನ್ನಿಸಿದ್ದು, ಈ ಮಕ್ಕಳಿಗೆ ನಮ್ಮ ಮನೆಯ ಮಾತು ಯಾರು ಹೇಳಿಕೊಟ್ಟರು ಎಂದು. ಅಕ್ಕನೇ ಹೇಳಿರಬೇಕು, ಇದನ್ನೂ ಊರಿಗೆಲ್ಲ ಹಂಚಿದ್ದಾಳೆ ಎಂದು ಸಿಟ್ಟೂ ಬಂತು. ಅವರು ಮತ್ತೆ ಕೂಗಿದರು. ಈ ಸಲ ನಾಲ್ಕಕ್ಕೆ ನಿಲ್ಲಲಿಲ್ಲ. ಮುಂದಕ್ಕೂ ಹೋಯಿತು, ನಾವು ಮಕ್ಕಳು ನಾಲ್ಕೇ ಜನ ಇದ್ದುದರಿಂದ ಅಜ್ಜನ ಬಾಯಲ್ಲಿ ಎಂದೂ ಕೇಳದೆ ಹೋದ ಮಾತುಗಳು.

ಎದ್ದು ಮಾಸ್ತರ ಹತ್ತಿರ ಹೋದೆ. ಫೋಟೋ ಕೈಯಲ್ಲೇ ಇತ್ತು. "ಏನು ಸರ್ ಅದು, ಮಕ್ಕಳು ಹೇಳ್ತಿರೋದು?"

"ಅದಾ ಮೇಡಂ? ಜಪಾನೀಸು. ಒಂದು, ಎರಡು, ಮೂರು, ನಾಲ್ಕು. ಕರಾಟೆ ಅಲ್ಲಿಂದ ಬಂದಿದ್ದಲ್ವಾ, ಎಣಿಸೋದೂ ಹಂಗೇ."

"ನೀ ಅಂದ್ರೆ ಎರಡಾ?"

"ಹೂಂ, ಎರಡು. ಯಾಕೆ ಮೇಡಂ?"

"ಸುಮ್ನೆ ಕೇಳಿದೆ" ಎಂದು ಬಂದು ಕೂತೆ.

ಇದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಅಜ್ಜ ಯಾವುದೋ ಕ್ಯಾಂಪಿನಲ್ಲಿ ಹೊಡೆತಕ್ಕೆ ಹೆದರಿ ಬಾಯಿಪಾಠ ಮಾಡಿದ ಎಣಿಕೆ ಅದು. ಕತ್ತಲಾಗುವ ಮುಂಚೆ ಮೊಮ್ಮಕ್ಕಳು ತೋಟದಿಂದ ಬಂದರೋ ಇಲ್ಲವೋ ನೋಡುವಾಗಲೂ ಅವರ ನಾಲಿಗೆಗೆ ಬೇರೆ ಎಣಿಕೆ ಬರಲಿಲ್ಲ. ಹೀಗೆ ತಿಳಿದಾಗ ಮೊಮ್ಮಗಳಾದವಳಿಗೆ ಏನಾಗಬೇಕು? ನನಗಾದದ್ದು ಬೇರೆ. ಎರಡು! ಅವಳು ಬರೀ ಎರಡು! ಅಜ್ಜ ಅವಳನ್ನು ಕರೆದೇ ಇರಲಿಲ್ಲ. ಜಗಲಿಯ ಮೇಲೆ, ಅಜ್ಜನ ಮುಖ ತೊಡೆಯ ಮೇಲಿಟ್ಟುಕೊಂಡು, ನಾನು ಮನಸ್ಸಿನಲ್ಲೇ ಕುಣಿದೆ. ಅಜ್ಜನ ಸಂಕಟ ನೆನಪಾದದ್ದು ಆಮೇಲೆ, ಎಷ್ಟೋ ಹೊತ್ತಿನ ಮೇಲೆ.

ಹೆಡ್‌ಮೇಡಂ ಬಂದು ನಾಳೆಯ ಕಾರ್ಯಕ್ರಮ ಹೇಳಿದರು. ಮೊದಲು ಪ್ರಾರ್ಥನೆ, ಆಮೇಲೆ ಫೋಟೋಗಳಿಗೆ ಹಾರ, ಆಮೇಲೆ ಅಕ್ಕನ ಮಾತು, ಅದಾದ ಕೂಡಲೇ ಮಕ್ಕಳ ಕರಾಟೆ. "ನಿಮ್ಮಕ್ಕ ಆ 'ಈಚೆ ನೀ' ಕಥೆ ಹೇಳಲೇಬೇಕು ಅಂದಿದೀನಿ. ಒಂದ್ಸಲ ಬಸ್ಸಲ್ಲಿ ನಂಗೆ ಹೇಳಿದ್ರು, ಅಳು ಬಂದ್ಬಿಡ್ತು."

ಅಕ್ಕ ವೇದಿಕೆ ಮೇಲೆ ನಿಂತು 'ಅಜ್ಜ ನನ್ನನ್ನೇ ಕರೆಯುತ್ತಿದ್ದರು' ಎಂದು ಹೇಳಿ ಇಳಿಯುತ್ತಾಳೆ. ಅವಳು ಕುರ್ಚಿಯಲ್ಲಿ ಕೂರುವ ಮುಂಚೆ ಅಂಗಳದ ತುಂಬ ಮಕ್ಕಳು ಅದನ್ನೇ ಕೂಗುತ್ತಾರೆ. ಊರಿಗೆ ಊರೇ ಕೇಳುತ್ತದೆ. ನಾನು ಬಾಯಿ ಬಿಡಬೇಕಾಗಿಲ್ಲ.

ಒಂದು ಫೋನು ಮಾಡಿದ್ದರೆ ಸಾಕಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಫೋನು ಕೈಯಲ್ಲೇ ಇತ್ತು. ಮಾಡಿದ್ದು ತಮ್ಮನಿಗೆ, ಅವನು ಶಿವಮೊಗ್ಗದಲ್ಲಿದ್ದಾನೆ. "ಅಜ್ಜ ಕಣದಲ್ಲಿ ನಿಲ್ಲಿಸ್ತಿದ್ದಿದ್ದು ನೆನಪಿದ್ಯಾ?" ಎಂದೆ. "ನಂಗೆ ದಿನಾ ಶೀ ಅಂತಿದ್ರು, ಅದು ಮರೆಯೋ ಹಂಗಿದ್ಯಾ?" ಎಂದ. ಅದು ನಾಲ್ಕು ಕಣೋ ಎಂದು ಅವನಿಗೂ ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣವೇ ಅವನು ಅಕ್ಕನಿಗೆ ಹೇಳುತ್ತಿದ್ದ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಸಾನ್ ಎಂದರೆ ಮೂರು, ಸರಿ. ಕೆಳಗೆ ಇನ್ನೊಂದು ಅರ್ಥವೂ ಇತ್ತು: ಹೆಸರಿನ ಕೊನೆಗೆ ಗೌರವಕ್ಕಾಗಿ ಸೇರಿಸುವ ಮಾತು, ನಮ್ಮ 'ಅವರು' ಇದ್ದ ಹಾಗೆ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನಾನು ಆ ಎರಡನೇ ಅರ್ಥದಲ್ಲಿ ಬದುಕಿದೆ. ಅಕ್ಕ ಬರೀ ನೀ, ನಾನು ಅವರು! ಕಾಫಿ ಮುಗಿದ ಮೇಲೆ ನಾಚಿಕೆಯಾಯಿತು. ಎಣಿಸುವಾಗ ಮೂರನೆಯವಳಿಗೆ ಮಾತ್ರ ಯಾರು ಗೌರವ ಕೊಡುತ್ತಾರೆ?

ಆ ಸಂಜೆ ಇನ್ನೊಂದೂ ಆಯಿತು. ಅಕ್ಕ ಮೊದಲ ಸಲ ಸಾಲು ಬಿಟ್ಟು ಬಂದ ದಿನದ ಚಿತ್ರ ಕಣ್ಣೆದುರು ಬಂತು: ಅಜ್ಜನ ಕೈ ಹೊಡೆಯುವಂತೆ ಮೇಲೆದ್ದಿದೆ, ಅರ್ಧಕ್ಕೆ ನಿಂತಿದೆ. ಅಂಗೈಗೆ ಅಂಟಿದ ಕಾಫಿ ಸಿಪ್ಪೆಯ ಪುಡಿ ಕೂಡ ಕಾಣಿಸಿತು. ಇದನ್ನು ನಾನು ನಂಬುವುದಿಲ್ಲ. ಸಾಲು ತಪ್ಪಿದವರಿಗೆ ಹೊಡೆತ ಎಂದು ಓದಿದ ಮೇಲೆ ಹುಟ್ಟಿದ ನೆನಪಿದು. ಬೇಕಾದ ನೆನಪುಗಳು ಬೇಕಾದಾಗ ಬರುತ್ತವೆ, ಸಿಪ್ಪೆಯ ಪುಡಿಯನ್ನೂ ತಾವೇ ಹಚ್ಚಿಕೊಂಡು ಬರುತ್ತವೆ. ಆದರೂ ಡೈರಿಯಲ್ಲಿ ಬರೆದುಕೊಂಡೆ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟು.

ಮರುದಿನ ಬೆಳಿಗ್ಗೆ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಅಕ್ಕ ಹಸಿರು ಅಂಚಿನ ಸೀರೆ ಉಟ್ಟು ಮೈಕಿನ ಮುಂದೆ ನಿಂತಳು. ಮೈಕು ಅವಳ ಎತ್ತರಕ್ಕೆ ಇಳಿಯಲಿಲ್ಲ. "ಬಿಡಿ, ನಂಗೆ ಮೈಕ್ ಯಾಕೆ, ನಾನು ಕೂಗಿದ್ರೆ ಬಾಳೂರಿಗೆ ಕೇಳುತ್ತೆ" ಎಂದಳು. ಅಲ್ಲಿಗೇ ಜನ ಅವಳವರಾದರು.

ಕೆಸುವಿನ ಕಥೆ ಆಯಿತು. ಈ ಸಲ ಬರ್ಮಾ. ಆಮೇಲೆ ಕಣಕ್ಕೆ ಬಂದಳು.

"ನಮ್ಮಜ್ಜ ಸಾಯಂಕಾಲ ನಮ್ಮನ್ನೆಲ್ಲ ಸಾಲಾಗಿ ನಿಲ್ಸೋರು. ತಲೆ ಮೇಲೆ ಒಂದೊಂದು ತಟ್ಟು. ಈಚೆ! ನೀ! ನಾನೆಂತ ತಿಳ್ಕೊಂಡೆ? ಈಚೆ ಬಾ ನೀನು ಅಂತ ನನ್ನನ್ನೇ ಕರೀತಿದಾರೆ ಅಂತ. ಹೋಗಿ ಪಕ್ಕದಲ್ಲಿ ನಿಂತ್ಕೊಂಡೆ. ಮದುವೆ ಆಗೋವರೆಗೂ ಹಂಗೇ ತಿಳ್ಕೊಂಡಿದ್ದೆ, ಅಜ್ಜಿ ಆಗೋವರೆಗೂ ಹಂಗೇ ತಿಳ್ಕೊಂಡಿದ್ದೆ. ಆಮೇಲೆ ನಮ್ಮ ಮೊಮ್ಮಗಳು ಕರಾಟೆ ಕ್ಲಾಸಿಗೆ ಸೇರಿದ್ಳು. ಒಂದಿನ ಅಡುಗೆ ಮನೇಲಿ ಬಂದು ಕೂಗ್ತಾಳೆ, ಇಚಿ, ನೀ, ಸಾನ್, ಶಿ! ದೋಸೆ ಹುಯ್ತಾ ಇದ್ದೆ, ಸಟ್ಟುಗ ಕೈಯಿಂದ ಬಿದ್ದೇಹೋಯ್ತು. ಎಂತದೇ ಅದು ಅಂದ್ರೆ, ಒಂದು ಎರಡು ಮೂರು ಅಜ್ಜೀ ಅಂತಾಳೆ. ಅಯ್ಯೋ ದೇವ್ರೇ! ನಾನು ರಾಣಿ ಅಂದ್ಕೊಂಡಿದ್ದೆ, ನೋಡಿದ್ರೆ ನಂಬ್ರು!"

ಚಪ್ಪರವೇ ನಕ್ಕಿತು. ಹೆಡ್‌ಮೇಡಂ ಕಣ್ಣು ಒರೆಸಿಕೊಂಡು ನಕ್ಕರು.

"ಅಗೋ, ಅಲ್ಲಿ ಕೂತಿದಾಳಲ್ಲ ನಮ್ಮ ತಂಗಿ, ಕಾಲೇಜು ಮೇಡಂ, ಅವಳು ಮೂರು. ಅವಳ ತಮ್ಮ ನಾಲ್ಕು. ಪಾಪ, ಅವನನ್ನ ಇಡೀ ಮನೆ ಶೀ ಅಂತ ಕರೀತು, ಅವನು ಮಾಡಿದ ತಪ್ಪು ನಾಲ್ಕನೇದಾಗಿ ಹುಟ್ಟಿದ್ದು."

ಮುಂದಿನ ಸಾಲಿನವರು ತಿರುಗಿ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕ ದನಿ ತಗ್ಗಿಸಿದಳು. "ಕಲಿಸಿದೋರು ಹೊಡ್ದು ಕಲಿಸಿದ್ರು. ಅದೇ ಎಣಿಕೇಲಿ ನಮ್ಮಜ್ಜ ಮೊಮ್ಮಕ್ಕಳನ್ನ ಮುದ್ದು ಮಾಡಿದ್ರು" ಎಂದಳು. ಅವಳು ಇಳಿದು ಬಂದಳು. ಮಕ್ಕಳು ಅಂಗಳದಲ್ಲಿ ಸಾಲಾಗಿ ಕೂಗಲು ಶುರು ಮಾಡಿದರು. ಜನರೂ ಅವರ ಜೊತೆ ಕೂಗಿದರು, ಗೋಡೆಯ ಮೇಲಿನ ಅಜ್ಜನನ್ನು ನೋಡುತ್ತಾ.

ಅವಳನ್ನು ಬಯಲಿಗೆ ತರಲು ನಾನು ಜೋಪಾನ ಮಾಡಿಟ್ಟುಕೊಂಡ ಮಾತನ್ನು ಅವಳೇ ಹೇಳಿ ಚಪ್ಪಾಳೆ ತೆಗೆದುಕೊಂಡಳು. ಅಷ್ಟು ವರ್ಷ ಹುಡುಕಿದ ನನಗೆ ಸಿಕ್ಕ ಒಂದೇ ಒಂದು ನಿಜ ಅದು. ಅವಳಿಗೆ ದೋಸೆ ಹುಯ್ಯುವಾಗ ಸಿಕ್ಕಿತ್ತು, ನನಗಿಂತ ಮೊದಲೇ.

ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಹಿಂದೆ ಉಪ್ಪಿಟ್ಟು, ಕಾಫಿ. ಅಕ್ಕ ಸುತ್ತ ಮುತ್ತಿದವರಿಂದ ಬಿಡಿಸಿಕೊಂಡು ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು.

"ನಿಂಗೆ ಗೊತ್ತಾಗಿ ಎಷ್ಟು ಕಾಲ ಆಯ್ತು?" ಎಂದು ಕೇಳಿದೆ.

"ಅವ್ಳು ಕರಾಟೆ ಸೇರಿದಾಗ. ಎರಡು ವರ್ಷ ಆಯ್ತೇನೋ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಹುಡುಕ್ತಾ ಇದೀನಿ ಅಂತ ಗೊತ್ತಿತ್ತಲ್ಲ."

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ ಮಾರಾಯ್ತಿ. ಅಷ್ಟೆಲ್ಲ ಓದ್ತೀಯ. ಗೊತ್ತಿದ್ರೂ ನಂಗೆ ಬೇಜಾರಾಗುತ್ತೆ ಅಂತ ಸುಮ್ನೆ ಇದೀಯ ಅಂದ್ಕೊಂಡೆ."

ಇದನ್ನು ನಾನು ತಿದ್ದಲಿಲ್ಲ. ಉಪ್ಪಿಟ್ಟಿನಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಅಕ್ಕ ನನ್ನ ಮುಖ ನೋಡಿದಳು. "ನಿಂಗೆ ಚಿಕ್ಕಂದಿನಿಂದ ಹೊಟ್ಟೆಕಿಚ್ಚು, ನಂಗೊತ್ತು" ಎಂದು ನಕ್ಕಳು. "ಈಗೆಂತಕ್ಕೆ? ಅಜ್ಜ ನನ್ನನ್ನ ಕರೀಲಿಲ್ಲ ಅಂತ ಊರಿಗೇ ಹೇಳಿ ಬಂದೆನಲ್ಲ."

"ಕರೀದೇ ಇದ್ರೂ ನೀನು ಹೋದೆ."

"ಹೌದು. ನೀನೂ ಬರ್ಬಹುದಿತ್ತು. ನಿನ್ನನ್ನ ಯಾರು ಹಿಡ್ಕೊಂಡಿದ್ರು?"

ಈ ಪ್ರಶ್ನೆ ನಾನು ನನ್ನನ್ನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕರೆಯುವುದನ್ನೇ ಕಾಯುತ್ತಾ ನಿಂತಿದ್ದೆ. ಕೈ ಎತ್ತಿದ ನೆನಪಿನ ಬಗ್ಗೆ ಕೇಳಿದೆ. ಮೊದಲ ಸಲ ನೀನು ಸಾಲು ಬಿಟ್ಟು ಬಂದಾಗ ಅಜ್ಜ ಹೊಡೆಯಲು ಬಂದರಾ?

"ಹೊಡೆಯೋದಾ? ಇಲ್ಲಪ್ಪ. ಕಣ್ಣು ಮುಚ್ಕೊಂಡ್ರು." ಅಕ್ಕ ಲೋಟ ಕೆಳಗಿಟ್ಟು ತಾನೇ ಕಣ್ಣು ಮುಚ್ಚಿ, ಕುತ್ತಿಗೆಯನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡು ತೋರಿಸಿದಳು. "ಹಿಂಗೆ. ಯಾರೋ ಅವ್ರಿಗೆ ಹೊಡೀತಾರೇನೋ ಅನ್ನೋ ಹಂಗೆ. ನಾನು ಪಂಚೆ ಹಿಡ್ಕೊಂಡೆ. ಯಾರೂ ಹೊಡೀಲಿಲ್ಲ. ಆಮೇಲೆ ಕಣ್ಣು ಬಿಟ್ಟು ನನ್ನ ನೋಡಿದ್ರು, ನಕ್ರು. ಮಾರನೇ ದಿನದಿಂದ ಅವ್ರೇ ಕಾಯೋರು. ನಾನು ಬರೋದು ತಡ ಆದ್ರೆ, ನಿನ್ನ ತಲೆ ತಟ್ಟೋ ಮುಂಚೆ ಒಂದ್ಸಲ ನನ್ನ ಕಡೆ ನೋಡೋರು."

ನಾನು ಮೂರನೆಯವಳಾಗಿ ನಿಂತು ಆ ತಡವನ್ನು ಕಂಡಿದ್ದೇನೆ. ನನ್ನ ತಲೆಯ ಮೇಲೆ ಕೈ ಬೀಳುವ ಮುಂಚೆ ಅಜ್ಜ ಒಂದು ಗಳಿಗೆ ನಿಲ್ಲುತ್ತಿದ್ದರು. ಅದನ್ನು ನಾನು ನನ್ನ ಬಗೆಗಿನ ಅನುಮಾನ ಎಂದುಕೊಂಡಿದ್ದೆ, ಇವಳನ್ನು ತಟ್ಟಬೇಕೋ ಬೇಡವೋ ಎಂದು. ಅಥವಾ ಇದೂ ಅಕ್ಕ ಹೇಳಿದ ಮೇಲೆ ಬಂದ ನೆನಪೋ. ಗೊತ್ತಿಲ್ಲ.

"ನಿನ್ನ ಬಗ್ಗೆನೂ ಒಂದ್ಸಲ ಅಂದಿದ್ರು" ಎಂದಳು ಅಕ್ಕ.

"ಯಾರು?"

"ಅಜ್ಜ, ಇನ್ಯಾರು? ನಾನು ಹೈಸ್ಕೂಲಲ್ಲಿದ್ದೆ. ನೀವೆಲ್ಲ ರಜೆ ಮುಗಿಸಿ ಹೋಗಿದ್ರಿ. ಅಜ್ಜ ಕಣ ಗುಡಿಸ್ತಾ ಇದ್ರು. ಹಂಗೇ ನಿಂತು ಕೇಳಿದ್ರು, 'ಆ ಮಗು ಅಷ್ಟು ನೆಟ್ಟಗೆ ನಿಲ್ಲುತ್ತಲ್ಲ, ಅದಕ್ಕೆ ಹಂಗೆ ನಿಲ್ಲೋದು ಯಾರು ಕಲಿಸಿದ್ರು' ಅಂತ. ನಂಗೆಂತ ಗೊತ್ತು ಅಜ್ಜ ಅಂದೆ. ಅವತ್ತು ಊಟ ಸರಿಯಾಗಿ ಮಾಡ್ಲಿಲ್ಲ."

ಕಾಫಿ ಆರಿತ್ತು. ಕುಡಿದೆ. ಸಾಲಿನಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತರೆ ಅಜ್ಜ ನನ್ನನ್ನೂ ಕರೆಯಬಹುದು ಎಂದುಕೊಂಡಿದ್ದೆ. ಹಿಮ್ಮಡಿ ಕೂಡಿಸಿ, ಉಸಿರು ಹಿಡಿದು, ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದೆ. ಅಜ್ಜ ನೋಡಿದ್ದರು. ನೋಡಿ ಅವರಿಗೆ ಯಾವ ಕ್ಯಾಂಪಿನ ಸಾಲು ಕಂಡಿತ್ತೋ, ಅದನ್ನು ನನಗೆ ಹೇಳಲಿಲ್ಲ. ಅಕ್ಕನಿಗೆ ಹೇಳಿದರು. ನನ್ನ ಬಗ್ಗೆ ಅಜ್ಜ ಆಡಿದ್ದೆಂದು ನನಗೆ ಗೊತ್ತಿರುವ ಮಾತು ಅದೊಂದೇ. ಅದೂ ಇಷ್ಟು ಕಾಲ ಅಕ್ಕನ ಹತ್ತಿರವೇ ಇತ್ತು, ಸೋಡಾ ತುಂಬಿದ ಡಬ್ಬಿಯ ಹಾಗೆ, ಕೇಳಿದ್ದರೆ ಯಾವತ್ತು ಬೇಕಾದರೂ ಕೊಡುತ್ತಿದ್ದಳು.

ಚೀಲದಿಂದ ಪೆನ್ನು ತೆಗೆದೆ. "ಇನ್ನೊಂದ್ಸಲ ಹೇಳು. ಅಜ್ಜ ಹೆಂಗೆ ಅಂದ್ರೋ ಹಂಗೇ ಹೇಳು."

"ಅಯ್ಯೋ, ಇದನ್ನೂ ಬರ್ಕೋತೀಯಾ?" ಎಂದು ಅಕ್ಕ ಬಾಯಿ ಒರೆಸಿಕೊಂಡಳು. "ಅಂದ್ರಪ್ಪ, 'ಆ ಕೂಸಿಗೆ ಹಂಗೆ ನಿಲ್ಲೋದು ಯಾರು ಕಲಿಸಿದ್ರು' ಅಂತ."

ಮೊದಲ ಸಲ ಮಗು, ಈಗ ಕೂಸು. ಎರಡನ್ನೂ ಬರೆದುಕೊಂಡೆ. ಯಾವುದು ಸರಿ ಎಂದು ಈ ಸಲ ಕೇಳಲಿಲ್ಲ.